ಇಂಟರ್ನ್‌ಗಳಿದ್ದಾರೆ, ಉತ್ತರ ಕೊಡುವವರು ಬೇಕು

ಮಾನ್ಯ ಸಂಪಾದಕರೇ,

ಜಿಲ್ಲೆಯ ಹುಡುಗರಿಗೆ ಇಲ್ಲೇ ಐಟಿ ಕೆಲಸ ಸಿಗಬೇಕು, ಕಾರವಾರಕ್ಕೋ ಶಿರಸಿಗೋ ಒಂದು ಐಟಿ ಪಾರ್ಕ್ ಬರಬೇಕು ಅಂತ ಓದುಗರ ಪತ್ರಗಳಲ್ಲಿ ಆಗಾಗ ಓದುತ್ತಿರುತ್ತೇನೆ. ಬರಲಿ, ನನ್ನದೇನೂ ತಕರಾರಿಲ್ಲ. ಆದರೆ ಪಾರ್ಕ್ ಬರೋ ತನಕ ಕಾಯಬೇಕಾಗಿಲ್ಲದ ಒಂದು ಕೆಲಸ ಇದೆ. ನಮ್ಮ ಹುಡುಗರಿಗೆ ನಿಜವಾದ ಇಂಟರ್ನ್‌ಶಿಪ್ ಕೊಟ್ಟು, ಅವರು ಕೇಳಿದ್ದಕ್ಕೆ ಉತ್ತರ ಕೊಡುವವರಾಗಿ ನಾವು ನಿಲ್ಲೋದು. ಅದರ ಬಗ್ಗೆ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಬಹುದು, ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಶಿರಸಿ ಹತ್ತಿರದ ಹಳ್ಳಿಯವ. ಬೆಂಗಳೂರಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಕೊರೊನಾ ಟೈಮಲ್ಲಿ ಎರಡು ತಿಂಗಳಿಗೆ ಅಂತ ಊರಿಗೆ ಬಂದವ ವಾಪಸ್ ಹೋಗಲೇ ಇಲ್ಲ. ಬೆಳಿಗ್ಗೆ ತೋಟ, ಮಧ್ಯಾಹ್ನದಿಂದ ಲ್ಯಾಪ್‌ಟಾಪ್. ಸಂಬಳದ ಕೆಲಸದ ಹೊರಗೆ, ಗ್ರಂಥಾಲಯಗಳಲ್ಲಿ ಪುಸ್ತಕದ ಪಟ್ಟಿ ಇಡುವ ಒಂದು ಓಪನ್ ಸೋರ್ಸ್ ತಂತ್ರಾಂಶಕ್ಕೆ ನನ್ನ ಪುರುಸೊತ್ತಿನಲ್ಲಿ ಕೋಡ್ ಬರೆಯುತ್ತೇನೆ. ಓಪನ್ ಸೋರ್ಸ್ ಅಂದರೆ ಗೊತ್ತಲ್ಲ, ಕೋಡ್ ಎಲ್ಲರ ಕಣ್ಣೆದುರೇ ಇರುತ್ತದೆ, ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು, ಆ ತಿದ್ದುಪಡಿ ಸರಿ ಇದೆ ಅಂತ ಹಳಬರಿಗೆ ಅನ್ನಿಸಿದರೆ ಒಳಗೆ ಸೇರುತ್ತದೆ. ನಮ್ಮ ಗುಂಪು ಎರಡು ಬೇಸಿಗೆ ಚಿಕ್ಕ ಮಟ್ಟದಲ್ಲಿ ಇಂಟರ್ನ್‌ಶಿಪ್ ನಡೆಸಿತು. ನಾನು ಎರಡೂ ಸಲ ಮೆಂಟರ್, ಅಂದರೆ ಇಂಟರ್ನ್‌ಗೆ ಕೈ ಹಿಡಿದು ಕಲಿಸುವವ, ಆಗಿದ್ದೆ. ಒಮ್ಮೆ ಕೆಟ್ಟ ಮೆಂಟರ್, ಇನ್ನೊಮ್ಮೆ ಪರವಾಗಿಲ್ಲ ಅನ್ನುವಂಥ ಮೆಂಟರ್.

ಅದಕ್ಕೂ ಮುಂಚೆ ನಮ್ಮಲ್ಲಿ ಇಂಟರ್ನ್‌ಶಿಪ್ ಅನ್ನೋ ಹೆಸರಲ್ಲಿ ಏನು ನಡೆಯುತ್ತಿದೆ ಅನ್ನೋದನ್ನ ಹೇಳಿಬಿಡುತ್ತೇನೆ. ಎಂಜಿನಿಯರಿಂಗ್ ಓದುವವರಿಗೆ ಇಂಟರ್ನ್‌ಶಿಪ್ ಕಡ್ಡಾಯ, ಅದಿಲ್ಲದೆ ಡಿಗ್ರಿ ಮುಗಿಯುವುದಿಲ್ಲ. ನಿಯಮ ಒಳ್ಳೆಯದೇ. ಆದರೆ ನಮ್ಮ ಕೇರಿಯ ಹುಡುಗ ಒಬ್ಬ ಹೋದ ವರ್ಷ ಯಾವುದೋ ಕಂಪನಿಗೆ 6000 ರೂಪಾಯಿ ಕಟ್ಟಿದ. ಹೌದು, ಅವನೇ ಕಟ್ಟಿದ್ದು. ನಾಲ್ಕು ವಾರ ಮನೆಯಲ್ಲೇ ಕೂತು ರೆಕಾರ್ಡ್ ಮಾಡಿದ ವಿಡಿಯೋ ನೋಡಿದ. ಒಂದು ದಿನವೂ ಯಾರೂ ಅವನ ಕೋಡ್ ನೋಡಲಿಲ್ಲ, ಅವನೂ ಬರೆಯಲಿಲ್ಲ ಅನ್ನಿ. ಕೊನೆಗೆ ಬಂಗಾರದ ಬಣ್ಣದ ಅಂಚಿರುವ ಒಂದು ಪಿಡಿಎಫ್ ಬಂತು. ಅದರಲ್ಲಿ ಅವನ ಹೆಸರಿನ ಸ್ಪೆಲಿಂಗೇ ತಪ್ಪು. ಅವರಮ್ಮ ಅದನ್ನು ಪ್ರಿಂಟ್ ಹಾಕಿಸಿ ಫೈಲಲ್ಲಿ ಇಟ್ಟಿದ್ದಾರೆ. ನನಗೆ ನಗು ಬರಲಿಲ್ಲ.

ಓಪನ್ ಸೋರ್ಸ್ ಲೋಕದಲ್ಲಿ ಇದು ಉಲ್ಟಾ. ಗೂಗಲ್‌ನವರ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. ದುಡ್ಡು ಗೂಗಲ್‌ನದು, ಆದರೆ ಕೆಲಸ ಮಾಡೋದು ಗೂಗಲ್‌ಗಲ್ಲ, ಯಾವುದಾದರೂ ಓಪನ್ ಸೋರ್ಸ್ ಗುಂಪಿಗೆ. ಮೊದಲು ಅದು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು, 2022ರಿಂದ ಹದಿನೆಂಟು ತುಂಬಿದ, ಓಪನ್ ಸೋರ್ಸಿಗೆ ಹೊಸಬರಾದ ಯಾರಾದರೂ ಸೇರಬಹುದು. ಔಟ್ರೀಚಿ ಅಂತ ಇನ್ನೊಂದಿದೆ. 2006ರಲ್ಲಿ ಗ್ನೋಮ್ ಅನ್ನೋ ಓಪನ್ ಸೋರ್ಸ್ ಗುಂಪಿನವರು ಹೆಣ್ಣುಮಕ್ಕಳಿಗಾಗಿ ಶುರು ಮಾಡಿದ್ದು. ಈ ಕ್ಷೇತ್ರದಲ್ಲಿ ಹಿಂದೆ ಉಳಿದ ಎಲ್ಲರಿಗೂ ಈಗ ಅದರಲ್ಲಿ ಜಾಗ ಇದೆ. ಮೂರು ತಿಂಗಳು, ವಾರಕ್ಕೆ 30 ಗಂಟೆ, ಮನೆಯಲ್ಲೇ ಕೂತು ಕೆಲಸ, 7000 ಡಾಲರ್ ಸ್ಟೈಪೆಂಡ್. ಬೆಂಗಳೂರಲ್ಲಿ ಕೂತರೂ ಅಷ್ಟೇ, ಬನವಾಸಿಯಲ್ಲಿ ಕೂತರೂ ಅಷ್ಟೇ. ಆಯ್ಕೆಯ ರೀತಿ ಇನ್ನೂ ಚೆನ್ನಾಗಿದೆ. ಅರ್ಜಿ ಹಾಕುವ ಕಾಲದಲ್ಲೇ ಚಿಕ್ಕಪುಟ್ಟ ಕೆಲಸ ಮಾಡಿ ತೋರಿಸಬೇಕು, ಮೆಂಟರ್ ಅದನ್ನು ನೋಡಿ ಆರಿಸುತ್ತಾರೆ. ಕಾಲೇಜು ಯಾವುದು, ಪರ್ಸೆಂಟೇಜ್ ಎಷ್ಟು, ಯಾರ ಮಗ ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನೆಲ್ಲ ಹೇಳಿದರೆ ಹುಡುಗರು ಕೇಳುವುದು ಒಂದೇ, ಫಾರ್ಮ್ ಎಲ್ಲಿದೆ ಸರ್, ಲಾಸ್ಟ್ ಡೇಟ್ ಯಾವಾಗ ಸರ್. ಫಾರ್ಮ್ ಸುಲಭ. ಅದು ದಾಟಿದ ಮೇಲಿನದೇ ಕಷ್ಟ, ಮತ್ತು ಆ ಕಷ್ಟ ಮುಕ್ಕಾಲು ಪಾಲು ಹುಡುಗರದ್ದಲ್ಲ, ನಮ್ಮಂಥವರದ್ದು. ಈ ಪತ್ರ ಬರೆಯೋಕೆ ಕಾರಣವೇ ಅದು.

ನನ್ನ ಮೊದಲ ಬೇಸಿಗೆಯ ಕತೆ ಕೇಳಿ. ಕರಾವಳಿ ಕಡೆಯ ಹುಡುಗಿ, ಮೂರನೇ ವರ್ಷದ ಎಂಜಿನಿಯರಿಂಗ್. ಆಯ್ಕೆಯ ಕಾಲದಲ್ಲಿ ಮಾಡಿ ಕಳಿಸಿದ ಕೆಲಸ ಚೆನ್ನಾಗಿತ್ತು. ನಾನು ಹುರುಪಿನಲ್ಲಿ, ನಮ್ಮ ತಂತ್ರಾಂಶದ ಹುಡುಕುವ ಭಾಗ ಇಡೀ ಹೊಸದಾಗಿ ಬರಿ ಅಂದುಬಿಟ್ಟೆ. ಅವಳು ಆಯ್ತು ಸರ್ ಅಂದಳು. ಆಮೇಲೆ ಒಂಬತ್ತು ದಿನ ಸದ್ದೇ ಇಲ್ಲ. ನಾನು ಮನಸ್ಸಲ್ಲೇ ತೀರ್ಮಾನ ಮಾಡಿದೆ, ಇವಳಿಗೆ ಆಸಕ್ತಿ ಇಲ್ಲ, ಸುಮ್ನೆ ಸೇರಿದ್ದಾಳೆ ಅಂತ. ಹತ್ತನೇ ದಿನ ಫೋನ್ ಮಾಡಿದೆ. ವಿಷಯ ಏನಪ್ಪಾ ಅಂದರೆ, ಅವಳ ಲ್ಯಾಪ್‌ಟಾಪಲ್ಲಿ ನಮ್ಮ ತಂತ್ರಾಂಶ ಬಿಲ್ಡೇ ಆಗುತ್ತಿರಲಿಲ್ಲ, ಅಂದರೆ ಕೋಡಿನಿಂದ ಓಡುವ ತಂತ್ರಾಂಶ ತಯಾರಾಗುತ್ತಲೇ ಇರಲಿಲ್ಲ. ಎರಡನೇ ದಿನದಿಂದಲೇ. ನಾವು ಬರೆದಿಟ್ಟ ಸೂಚನೆಯಲ್ಲಿ ಒಂದು ಸಾಲು ಹಳೆಯದಾಗಿತ್ತು. ಅದಕ್ಕೆ ಬೇಕಾದ ಒಂದು ಪ್ಯಾಕೇಜಿನ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟು) ಹೆಸರು ಬದಲಾಗಿ ಎಷ್ಟೋ ಕಾಲ ಆಗಿತ್ತು, ನಮಗೆಲ್ಲ ಅಭ್ಯಾಸ ಆಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ತನ್ನದೇ ತಪ್ಪು ಅಂದುಕೊಂಡು ರಾತ್ರಿ ಹನ್ನೆರಡರ ತನಕ ಕೂತು ಅದನ್ನೇ ಮತ್ತೆ ಮತ್ತೆ ಮಾಡುತ್ತಿದ್ದಳು.

"ಕೇಳಬಹುದಿತ್ತಲ್ಲ?" ಅಂದೆ.

"ಅಷ್ಟೂ ಗೊತ್ತಿಲ್ಲವಾ ಅಂತೀರೇನೋ ಅಂತ ಹೆದರಿಕೆ ಆಯ್ತು ಸರ್" ಅಂದಳು.

ಫೋನ್ ಇಟ್ಟಮೇಲೆ ನನಗೆ ಚಹಾ ಕುಡಿಯೋಕೂ ಮನಸ್ಸಾಗಲಿಲ್ಲ. ನಮ್ಮ ಶಾಲೆ, ಕಾಲೇಜುಗಳಲ್ಲಿ ಪ್ರಶ್ನೆ ಕೇಳಿದವರಿಗೆ ಬೈಗುಳ ಸಿಕ್ಕಿದ್ದೇ ಜಾಸ್ತಿ. ಆ ಅಭ್ಯಾಸ ಹೊತ್ತುಕೊಂಡು ಬಂದ ಮಕ್ಕಳು ಸಾವಿರ ಜನ ನೋಡೋ ಜಾಗದಲ್ಲಿ, ಅದೂ ಇಂಗ್ಲಿಷಲ್ಲಿ, ನನಗೆ ಇದು ಬರ್ತಾ ಇಲ್ಲ ಅಂತ ಬರೆಯುತ್ತಾರಾ? ಕಾಯಿಲೆ ಗೊತ್ತಿದ್ದೂ ನಾನು ಮದ್ದು ಇಟ್ಟುಕೊಂಡಿರಲಿಲ್ಲ. ಈಗ ನನ್ನ ನಿಯಮ ಇಷ್ಟೇ, ಒಂದು ಗಂಟೆ ಒದ್ದಾಡಿದರೂ ಆಗದಿದ್ದರೆ ಕೇಳಲೇಬೇಕು, ಕೇಳದಿದ್ದರೆ ಬೈಯುತ್ತೇನೆ. ಮೊದಲ ವಾರ ಕನ್ನಡದಲ್ಲೇ ಕೇಳಿ, ಎರಡನೇ ವಾರದಿಂದ ಅದೇ ಪ್ರಶ್ನೆಯನ್ನು ಇಂಗ್ಲಿಷಲ್ಲಿ ಎಲ್ಲರೆದುರು ಹಾಕೋಣ ಅನ್ನುತ್ತೇನೆ. ಮತ್ತೆ ಸೂಚನೆಯ ಆ ಸಾಲು ತಿದ್ದುವ ಕೆಲಸ ಅವಳಿಗೇ ಕೊಟ್ಟೆ. ನಮ್ಮ ತಂತ್ರಾಂಶಕ್ಕೆ ಸೇರಿದ ಅವಳ ಮೊದಲ ಪ್ಯಾಚ್, ಅಂದರೆ ತಿದ್ದುಪಡಿ, ಅದೇ.

ಯಕ್ಷಗಾನದಲ್ಲಿ ಮೇಳಕ್ಕೆ ಬಂದ ಹುಡುಗನಿಗೆ ಮೊದಲ ದಿನವೇ ಕೌರವನ ವೇಷ ಕೊಡುವುದಿಲ್ಲ. ಕೋಡಂಗಿ, ಬಾಲಗೋಪಾಲ ಅಂತ ಪೂರ್ವರಂಗದಲ್ಲಿ ಕುಣಿಸುತ್ತಾರೆ, ಜನ ಇನ್ನೂ ಚಾಪೆ ಹುಡುಕುತ್ತಿರೋ ಹೊತ್ತಲ್ಲಿ. ತಪ್ಪಿದರೂ ಆಟ ಕೆಡುವುದಿಲ್ಲ. ಈ ಜಿಲ್ಲೆಯವನಾಗಿ ಇಷ್ಟು ನನಗೆ ಹೊಳೆಯದೇ ಹೋಯಿತಲ್ಲ ಅಂತ ಬೇಜಾರು.

ಆಮೇಲೆ ಆ ಹುಡುಗಿಗೆ ದೊಡ್ಡ ಕೆಲಸದ ಬದಲು ಚಿಕ್ಕ ಚಿಕ್ಕ ತುಂಡು ಮಾಡಿ ಕೊಟ್ಟೆ. ಆಗ ಏನಾಯಿತು ಅಂದರೆ, ಅದು ಕೇಳಬೇಕಾದ್ದೇ. ನಮ್ಮಲ್ಲಿ ಒಂದು ಹಳೇ ದೂರು ಬಿದ್ದಿತ್ತು. ಪಟ್ಟಿಯಲ್ಲಿ 'ಗೋಕರ್ಣ' ಅಂತ ಹುಡುಕಿದರೆ ಮೂರು ಪುಸ್ತಕ ಬರುತ್ತಿತ್ತು, ಕಪಾಟಲ್ಲಿ ಇದ್ದದ್ದು ಏಳು. ಇನ್ನು ನಾಲ್ಕು ಪಟ್ಟಿಯಲ್ಲೇ ಇವೆ, ಕಣ್ಣಿಗೂ ಕಾಣುತ್ತವೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಕಾರಣ ಇದು. ಕಂಪ್ಯೂಟರಲ್ಲಿ ಅಕ್ಷರ ಇಡುವ ಯೂನಿಕೋಡ್ ಅನ್ನೋ ಪದ್ಧತಿಯಲ್ಲಿ 'ಗೋ' ಬರೆಯುವಾಗ ಓತ್ವವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಅಥವಾ ಎತ್ವ, ಊತ್ವದ ಕೊಂಬು, ದೀರ್ಘ ಅಂತ ಮೂರು ತುಂಡು ಮಾಡಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣಬೇಕು, ಎರಡೂ ಒಂದೇ ಅಂತ ಯೂನಿಕೋಡೂ ಹೇಳುತ್ತದೆ, ಆದರೆ ಹುಡುಕುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರುವ ಕೆಲಸ ತಂತ್ರಾಂಶದ್ದು. ಇದಕ್ಕೆ ನಾರ್ಮಲೈಸೇಶನ್ ಅಂತಾರೆ. ನಮ್ಮ ತಂತ್ರಾಂಶ ಅದನ್ನು ಮಾಡುತ್ತಿರಲಿಲ್ಲ. ಬೇರೆ ಬೇರೆ ಕೀಬೋರ್ಡಲ್ಲಿ, ಬೇರೆ ಬೇರೆ ಕಾಲದಲ್ಲಿ ಟೈಪ್ ಮಾಡಿದ ಗೋಕರ್ಣಗಳು ಯಂತ್ರದ ಲೆಕ್ಕಕ್ಕೆ ಬೇರೆ ಬೇರೆ ಊರಾಗಿದ್ದವು.

ನಾನು ಹೇಳಿದ್ದು 'ಗೋ' ಸರಿ ಮಾಡು ಅಂತ ಮಾತ್ರ. ಅವಳು ನೋಟ್‌ಬುಕ್ಕಲ್ಲಿ ಒಂದನೇ ಕ್ಲಾಸಿನ ಹಾಗೆ ಕ ಕಾ ಕಿ ಕೀ ಅಂತ ಕಾಗುಣಿತ ಇಡೀ ಬರೆದು ಒಂದೊಂದೇ ಪರೀಕ್ಷೆ ಮಾಡಿದಳು. ಕೀ, ಕೇ, ಕೈ, ಕೊ, ಕೋ, ಐದಕ್ಕೂ ಇದೇ ಕತೆ ಅಂತ ಹಿಡಿದಳು. ಆ ಪುಟದ ಫೋಟೋ ತೆಗೆದು ಕಳಿಸಿದಳು, ಐದಕ್ಕೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿತ್ತು. ತಿದ್ದಿದ ಕೋಡ್ ನಾಲ್ಕೇ ಸಾಲು, ಪರೀಕ್ಷೆಯ ಕೋಡ್ ಒಂದು ಪುಟ. ರಿವ್ಯೂನಲ್ಲಿ, ಅಂದರೆ ಹಳಬರು ಓದಿ ನೋಡುವಾಗ, ಮೂರು ಸಲ ವಾಪಸ್ ಬಂತು. ಒಮ್ಮೆ ಹೆಸರಿಟ್ಟದ್ದು ಸರಿಯಿಲ್ಲ ಅಂತ, ಒಮ್ಮೆ ಪರೀಕ್ಷೆ ಸಾಲದು ಅಂತ, ಇನ್ನೊಮ್ಮೆ ಬರೀ ಒಂದು ಖಾಲಿ ಸಾಲಿಗೆ! ನಾಲ್ಕನೇ ಸಲ ಸೇರಿತು. ನಮ್ಮ ಗುಂಪಲ್ಲಿ ಹೊರದೇಶದ ಹಳಬರು ಬೇಕಾದಷ್ಟಿದ್ದಾರೆ, ನನಗಿಂತ ಬುದ್ಧಿವಂತರು, ಆದರೆ ಕಾಗುಣಿತ ಬರೆದು ನೋಡಬೇಕು ಅಂತ ಅವರಿಗೆ ಹೊಳೆಯೋದು ಕಷ್ಟ ಅಲ್ವಾ? ಕನ್ನಡದ ಈ ಥರದ ದೂರುಗಳು ಎಷ್ಟೋ ತಂತ್ರಾಂಶಗಳಲ್ಲಿ ಧೂಳು ತಿನ್ನುತ್ತಾ ಬಿದ್ದಿವೆ. ನಮ್ಮ ಮಕ್ಕಳಿಗೆ ಕೆಲಸ ಇಲ್ಲ ಅನ್ನುವವರು ಒಮ್ಮೆ ಆ ಪಟ್ಟಿ ನೋಡಬೇಕು.

ಇದರಲ್ಲಿ ಮೋಸ ಇಲ್ಲವೇ ಅಂದರೆ ಇದೆ. ಹಾಕ್ಟೋಬರ್‌ಫೆಸ್ಟ್ ಅಂತ ಅಕ್ಟೋಬರ್‌ನಲ್ಲಿ ನಡೆಯುವ ಒಂದು ಹಬ್ಬ ಇದೆ. ಆಗ ನಾಲ್ಕು ತಿದ್ದುಪಡಿ ಕಳಿಸಿದರೆ ಟಿ-ಶರ್ಟ್ ಬರುತ್ತಿತ್ತು. 2020ರಲ್ಲಿ ನಮ್ಮ ದೇಶದ ಒಂದು ಯೂಟ್ಯೂಬ್ ವಿಡಿಯೋ ನೋಡಿ ಜನ, ಇದ್ದಬದ್ದ ಪ್ರಾಜೆಕ್ಟಿನ ಮುಖಪುಟದಲ್ಲಿ ಅದ್ಭುತ ಪ್ರಾಜೆಕ್ಟ್ ಅಂತ ಎರಡು ಪದ ಸೇರಿಸಿ ರಾಶಿ ರಾಶಿ ಕಳಿಸಿದರು. ಪಾಪ, ಪ್ರಪಂಚದ ಎಲ್ಲೆಲ್ಲೋ ಪುರುಸೊತ್ತಲ್ಲಿ ಕೆಲಸ ಮಾಡುವವರು ಆ ಕಸ ಗುಡಿಸುತ್ತಾ ಕೂತರು. ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಕಳಿಸಬೇಕು ಅಂತ ನಡುವಲ್ಲೇ ನಿಯಮ ಬದಲಿಸಬೇಕಾಯಿತು. ಈಗ ಎಐ ಬಂದಿದೆ, ಅದರ ಬಾಯಿಂದ ಬಂದದ್ದನ್ನು ಓದದೇ ಅಂಟಿಸಿ ಕಳಿಸುವವರೂ ಇದ್ದಾರೆ. ಈ ಸಾಲು ಯಾಕೆ ಬರೆದೆ ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಗೊತ್ತಾಗುತ್ತದೆ. ಆದರೆ ಕೇಳೋಕೆ ಒಬ್ಬರು ಇರಬೇಕಲ್ಲ.

ಹಾಗಾಗಿ ಸುತ್ತಿ ಬಳಸಿ ಅಲ್ಲಿಗೇ ಬಂತು ನೋಡಿ, ಮೆಂಟರ್. ಒಬ್ಬ ಇಂಟರ್ನ್‌ಗೆ ನನಗೆ ವಾರಕ್ಕೆ ಐದಾರು ಗಂಟೆ ಹಿಡಿಯಿತು, ಮೊದಲ ಎರಡು ವಾರ ಇನ್ನೂ ಜಾಸ್ತಿ. ದಿನಾ ಸಂಜೆ ಒಂದು ಉತ್ತರ, ವಾರಕ್ಕೊಂದು ಕರೆ. ಬರೀ ಬುದ್ಧಿ ಇದ್ದರೆ ಸಾಲದು, ಸಂಜೆ ಕೈಗೆ ಸಿಗಬೇಕು. ಒಬ್ಬ ಇಂಟರ್ನ್‌ಗೆ ಇಬ್ಬರು ಮೆಂಟರ್ ಇರಲೇಬೇಕು. ಇದನ್ನು ಕಲಿಸಿದ್ದು ಎರಡನೇ ಬೇಸಿಗೆಯ ಜುಲೈ. ನಡು ಅವಧಿಯ ಮೌಲ್ಯಮಾಪನದ ವಾರವೇ ಇಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಸ್ಕೂಟರ್ ಹತ್ತಿ, ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ ಸುತ್ತಿ, ಶಿರಸಿ ಪೇಟೆಯ ಒಂದು ಹೋಟೆಲಲ್ಲಿ ಕೂತು ವರದಿ ತುಂಬಿದೆ. ಕುಮಟಾದಲ್ಲಿ ಇನ್ನೊಬ್ಬರು ಮೆಂಟರ್ ಇದ್ದಿದ್ದರೆ ಆ ಬೇಸಿಗೆಯ ನನ್ನ ಇಂಟರ್ನ್ ಹುಡುಗ ಮೂರು ದಿನ ಸುಮ್ಮನೆ ಕೂರಬೇಕಾಗಿರಲಿಲ್ಲ. ನಮ್ಮ ಮಳೆಗೂ ಇಂಟರ್ನ್‌ಶಿಪ್ ಕ್ಯಾಲೆಂಡರಿಗೂ ಏನು ಹಗೆಯೋ.

ಈಗ ನಾನು ಕೇಳೋದು ಇಷ್ಟು. ಹೊನ್ನಾವರ, ಯಲ್ಲಾಪುರ, ಅಂಕೋಲಾ, ಕಾರವಾರ, ಎಲ್ಲಿ ಹೋದರೂ ಮನೆಯಿಂದ ಕೆಲಸ ಮಾಡುವ ಸಾಫ್ಟ್‌ವೇರ್ ಜನ ಸಿಗುತ್ತಾರೆ. ಹತ್ತು ಹದಿನೈದು ವರ್ಷದ ಅನುಭವ ಇರುವವರು. ತೋಟದ ಕೆಲಸಕ್ಕೆ ಜನ ಸಿಗೋದಿಲ್ಲ ಅಂತ ಮಾತಾಡುತ್ತೇವೆ, ಊರ ದೇವಸ್ಥಾನದ ವೆಬ್‌ಸೈಟ್ ಮಾಡಿಕೊಡುತ್ತೇವೆ. ವಾರಕ್ಕೆ ಐದು ಗಂಟೆ ಇದಕ್ಕೂ ಇಡೋಣ. ಹತ್ತು ಜನ ಸೇರಿದರೆ ಐದು ಇಂಟರ್ನ್. ತಿಂಗಳಿಗೆ ಹತ್ತು ಸಾವಿರದ ಹಾಗೆ ಮೂರು ತಿಂಗಳು ಕೊಟ್ಟರೆ ಒಟ್ಟು ಒಂದೂವರೆ ಲಕ್ಷ. ಅಡಿಕೆ ವಹಿವಾಟು ಮಾಡುವ ನಮ್ಮ ಸಹಕಾರಿ ಸಂಘಗಳಿಗೆ, ಬೆಂಗಳೂರಲ್ಲಿರುವ ನಮ್ಮ ಜಿಲ್ಲೆಯವರಿಗೆ ಇದೇನು ದೊಡ್ಡ ಮೊತ್ತ ಅಲ್ಲ. ದುಡ್ಡು ಬೇಡ, ಅನುಭವವೇ ಸಾಕು ಅನ್ನಬೇಡಿ. ಮನೆಯಲ್ಲಿ ಅನುಕೂಲ ಇದ್ದವರ ಮಕ್ಕಳಷ್ಟೇ ಪುಕ್ಕಟೆ ಕೆಲಸ ಮಾಡಬಲ್ಲರು. ಉಳಿದವರು ರಜೆಯಲ್ಲಿ ಅಂಗಡಿಗೋ ದೋಣಿಗೋ ಹೋಗುತ್ತಾರೆ.

ಕಾಲೇಜುಗಳ ಹತ್ತಿರ ಕೇಳೋದು ಇನ್ನೂ ಚಿಕ್ಕದು. ಕಂಪನಿಯ ಸೀಲಿನ ಬದಲು, ಸೇರಿದ ಪ್ಯಾಚ್‌ಗಳ ಪಟ್ಟಿ ಮತ್ತೆ ಮೆಂಟರ್ ಬರೆದ ಒಂದು ಪುಟ ಕೊಟ್ಟರೆ ಅದನ್ನೂ ಇಂಟರ್ನ್‌ಶಿಪ್ ಅಂತ ಒಪ್ಪಿಕೊಳ್ಳಿ. ಇದರಲ್ಲಿ ಸುಳ್ಳು ಹೇಳೋಕೆ ಆಗೋದಿಲ್ಲ, ಎಲ್ಲ ಬಯಲಲ್ಲೇ ಇರುತ್ತದೆ, ಯಾವ ದಿನ ಏನು ಬರೆದರು, ಯಾರು ಏನು ಬೈದರು ಎಲ್ಲ. ನಾನು ಮಾತಾಡಿದ ಒಂದು ಕಾಲೇಜಿನ ಮೇಷ್ಟ್ರು ಬಹಳ ಒಳ್ಳೆಯವರು, ಎಲ್ಲ ಕೇಳಿಸಿಕೊಂಡು ಕೊನೆಗೆ "ಲೆಟರ್‌ಹೆಡ್ ಯಾರದ್ದು?" ಅಂದರು. ಅವರ ತಪ್ಪಲ್ಲ, ಅವರ ಫಾರ್ಮಿನಲ್ಲಿ ಆ ಒಂದು ಖಾನೆ ಇದೆ.

ಬರುವ ಬೇಸಿಗೆಗೆ ನನ್ನ ಹತ್ತಿರ ಇಬ್ಬರಿಗೆ ಜಾಗ ಇದೆ. ಜೊತೆಗೆ ನಿಲ್ಲುವ ಇನ್ನೊಬ್ಬ ಮೆಂಟರ್ ಬೇಕು, ಬೇರೆ ಫೀಡರಿನ ಕರೆಂಟ್ ಇರುವ ಊರಿನವರಾದರೆ ಒಳ್ಳೆಯದು. ಆಸಕ್ತಿ ಇದ್ದವರು ನಿಮ್ಮ ಕಚೇರಿಗೆ ಒಂದು ಸಾಲು ಬರೆದರೆ ದಯವಿಟ್ಟು ನನಗೆ ದಾಟಿಸಿ. ಮೊದಲ ಬೇಸಿಗೆಯ ಆ ಹುಡುಗಿ ಈಗ ಕೆಲಸದಲ್ಲಿದ್ದಾಳೆ, ಶನಿವಾರ ಸಂಜೆ ರಿವ್ಯೂ ನಾನು ನೋಡುತ್ತೇನೆ ಅಂತ ಹೇಳಿದ್ದಾಳೆ.

ಇತಿ,
ಹುಲೇಕಲ್ ಕಡೆಯ ಒಬ್ಬ ಓದುಗ, ಶಿರಸಿ