ವರದಿ ಕಳಿಸಿಯಾಯಿತು, ಇನ್ನು ಅಕ್ಕನ ಬಗ್ಗೆ

ಐದು ವರ್ಷದ ಕೆಲಸ ಮುಗಿಯಿತು. ಮೊನ್ನೆ ವರದಿ ಕಳಿಸಿದೆವು. ಚೀಟಿ ಎತ್ತಿ ಕೆಲವು ಊರುಗಳನ್ನು ಆರಿಸಿ ನೆರವು ಕೊಟ್ಟೆವು, ಚೀಟಿ ಬರದ ಊರುಗಳ ಜೊತೆ ಅವುಗಳ ಆದಾಯ ಹೋಲಿಸಿ ನೋಡಿದೆವು. ಫಲಿತಾಂಶವೂ ಕಿವಿಗೆ ಬಿದ್ದಿರಬೇಕು. ನೆರವು ಸಿಕ್ಕ ಊರಿಗೂ ಸಿಗದ ಊರಿಗೂ ಆದಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಸರ್ವೇ ತಂಡಕ್ಕೆ, ಡೇಟಾ ನೋಡಿಕೊಂಡ ಗೆಳೆಯರಿಗೆ, ಹಣ ಕೊಟ್ಟವರಿಗೆ, ಮನೆಯವರಿಗೆ ಮನಸಾರೆ ಥ್ಯಾಂಕ್ಸ್.

ಅಕ್ಕನ ಬಗ್ಗೆ ಮಾತ್ರ ಜಾಸ್ತಿ ಬರೆಯಬೇಕು. ಅವರು ನಮ್ಮ ಫೀಲ್ಡ್ ಸೂಪರ್‌ವೈಸರ್. ಹೆಸರು ಹಾಕಬೇಡಿ ಅಂದಿದ್ದಾರೆ.

ಎಂಡ್‌ಲೈನ್, ಅಂದರೆ ಕೊನೆಯ ಸುತ್ತಿನ ಸರ್ವೇ ಅಂಕಿಗಳು ಬಂದ ರಾತ್ರಿ ಕೊನೆಗೆ ಆಫೀಸಿನಲ್ಲಿ ಉಳಿದವರು ನಾವಿಬ್ಬರೇ. ಲೆಕ್ಕದಲ್ಲೇ ಏನೋ ತಪ್ಪಿದೆ ಅಂತ ನಾನು ಹಠ ಹಿಡಿದೆ. ಅಕ್ಕ ವಾದಕ್ಕೆ ಬರಲಿಲ್ಲ. ಬ್ಯಾಕ್‌ಚೆಕ್ ಫಾರಂಗಳ (ಉತ್ತರ ಸರಿಯಿದೆಯಾ ಅಂತ ಮನೆಗಳಿಗೆ ಮತ್ತೆ ಹೋಗಿ ಕೇಳಿ ಬರೆದದ್ದು) ಕಟ್ಟು ಬಿಚ್ಚಿ ಒಂದೊಂದೇ ಮನೆಯ ಉತ್ತರ ಓದತೊಡಗಿದರು. ನಾನು ಕಂಪ್ಯೂಟರಿನಲ್ಲಿ ತಾಳೆ ನೋಡುತ್ತಾ ಹೋದೆ. ಮುಗಿದಾಗ ರಾತ್ರಿ ಎರಡು ಗಂಟೆ. ಡೇಟಾ ಸರಿಯಾಗೇ ಇತ್ತು.

ಆಮೇಲೆ ಮಾಡಬಾರದ್ದಕ್ಕೆ ಕೈ ಹಾಕಿದೆ. ಹೆಂಗಸರನ್ನಷ್ಟೇ ನೋಡೋಣ, ಜಮೀನಿಲ್ಲದವರನ್ನಷ್ಟೇ ನೋಡೋಣ, ದೊಡ್ಡ ಸಂಸಾರಗಳನ್ನು ನೋಡೋಣ... ಹೀಗೆ 20 ತರ ಒಡೆದು ನೋಡಿದರೆ, ನಿಜಕ್ಕೂ ಏನೂ ಇಲ್ಲದಿದ್ದರೂ ಎಲ್ಲೋ ಒಂದು ಕಡೆ ಸುಮ್ನೆ ಪರಿಣಾಮ ಇದ್ದಂತೆ ಕಾಣಬಹುದು. ಅದಕ್ಕೇ ಅಲ್ವಾ ನಾವು ಏನು ಹುಡುಕುತ್ತೇವೆ ಅಂತ ಮೊದಲೇ ಬರೆದು ನೋಂದಾಯಿಸುವುದು? ಅಕ್ಕ ಆ ಹಾಳೆ ತಂದು ಕೀಬೋರ್ಡಿನ ಮೇಲಿಟ್ಟರು. "ಜನ ನಮಗೆ ನಿಜ ಹೇಳಿದ್ದಾರೆ. ನೀವೂ ನಿಜಾನೇ ಬರೀರಿ" ಅಂದರು.

ಟ್ರೇನಿಂಗಿನಲ್ಲಿ ನಾನೇ ಹೇಳಿಕೊಟ್ಟಿದ್ದನ್ನು ನನಗೇ ನೆನಪಿಸಿದರು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಹೈದರಾಬಾದಿನ 104 ಬಡಾವಣೆಗಳಲ್ಲಿ ಕಿರುಸಾಲವನ್ನು, ಅಂದರೆ ಬಡವರಿಗೆ ಕೊಡುವ ಸಣ್ಣ ಸಾಲವನ್ನು, ಪರೀಕ್ಷಿಸಿದ್ದರು. ಸಾಲದ ಶಾಖೆ ಮೊದಲು ತೆರೆದದ್ದು 52ರಲ್ಲಿ. ಸಾಲ ಪಡೆದವರು ಹೆಚ್ಚಾದರು, ಮನೆಗಳ ಸರಾಸರಿ ಖರ್ಚು ಏರಲಿಲ್ಲ. 2015ರಲ್ಲಿ ಅದರ ಜೊತೆಗೇ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊದ ಅಧ್ಯಯನಗಳೂ ಪ್ರಕಟವಾದವು. ಕಿರುಸಾಲದಿಂದ ಬದುಕೇ ಬದಲಾಯಿತು ಅನ್ನುವಂಥದ್ದು ಯಾವುದರಲ್ಲೂ ಕಾಣಲಿಲ್ಲ. "ಅವರು ಮುಚ್ಚಿಟ್ಟರಾ?" ಅಂತ ಕೇಳಿದರು ಅಕ್ಕ.

ಆಗ ನಾನು ಅತ್ತೆ. ಬೇಜಾರು ಪರಿಣಾಮ ಸೊನ್ನೆ ಅಂತ ಬಂದದ್ದರ ಬಗ್ಗೆ ಅಷ್ಟೇ ಆಗಿರಲಿಲ್ಲ. ಚೀಟಿ ಎತ್ತಿದ ದಿನ ಕಂಟ್ರೋಲ್ ಊರಿನ, ಅಂದರೆ ನೆರವು ಸಿಗದ ಊರಿನ, ಒಬ್ಬ ತಾಯಿ "ನಮ್ಮ ಊರಿನ ಚೀಟಿ ಯಾಕೆ ಬರಲಿಲ್ಲ?" ಅಂತ ಕೇಳಿದ್ದರು. ಎಲ್ಲರಿಗೂ ಕೊಡುವಷ್ಟು ಹಣವಿಲ್ಲ, ಅದಕ್ಕೇ ಚೀಟಿ ಅಂದಿದ್ದೆ. ಅದು ನಿಜ. ಆದರೂ ಅವರ ಮುಖ ಮರೆಯಲಾಗಲಿಲ್ಲ. ಏನೂ ಸಿಗದಿದ್ದರೂ ಅವರು ಪ್ರತಿ ಸಲ ಕೂತು, ನಮ್ಮ ಅಷ್ಟೂ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅಂಥ ಮನೆಗಳಿಲ್ಲದಿದ್ದರೆ ನಮಗೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಆ ಋಣ ದೊಡ್ಡದು.

ನಾನು ಅಳುವುದು ನಿಲ್ಲಿಸುವ ತನಕ ಅಕ್ಕ ಪಕ್ಕದಲ್ಲೇ ಕೂತಿದ್ದರು. ಬೆಳಗಾಗುವಷ್ಟರಲ್ಲಿ ಫಲಿತಾಂಶದ ಮೊದಲ ವಾಕ್ಯ ಬರೆದೆವು. ವರದಿಯಲ್ಲಿ ಈಗಲೂ ಅದೇ ವಾಕ್ಯವಿದೆ.

ಮುಂದಿನ ವಾರ ಊರುಗಳಿಗೆ ಹೋಗಿ ಫಲಿತಾಂಶ ಹೇಳಬೇಕು. ಅಕ್ಕ ಆಗಲೇ ಪಟ್ಟಿ ಮಾಡಿದ್ದಾರೆ. ಚೀಟಿ ಬರದ ಊರುಗಳನ್ನು ಮೊದಲು ಬರೆದಿದ್ದಾರೆ.