ತೀರ್ಪಿನ ಕೊನೆಯ ಪುಟ ಮಾತ್ರ ಓದಬೇಡ

ಪ್ರೀತಿಯ ಪುಟ್ಟಿಗೆ,

ನಿನ್ನ ಪ್ರಬಂಧದ ಕರಡು ಬಂತು. ಎರಡು ಸಲ ಓದಿದೆ. ಕಡಲ ಜೀವಿಗಳ ಬಗ್ಗೆ ನಿನಗಿರುವ ಸಂಕಟ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದರೆ ಶುರುವಿನಲ್ಲೇ "ವಿಶ್ವ ವ್ಯಾಪಾರ ಸಂಸ್ಥೆ ಕಡಲಿನ ಶತ್ರು" ಅಂತ ಬರೆದುಬಿಟ್ಟಿದ್ದೀಯಲ್ಲ, ಅದನ್ನು ಒಪ್ಪೋಕೆ ನನಗೆ ಆಗಲಿಲ್ಲ.

ವಕೀಲಿಕೆಯ ಮೊದಲ ವರ್ಷಗಳಲ್ಲಿ ನಾನೂ ಹೀಗೇ ಹೇಳುತ್ತಿದ್ದೆ. 1998ರಲ್ಲಿ ಆ ಸಂಸ್ಥೆಯಿಂದ ಸಿಗಡಿ ಮತ್ತು ಕಡಲಾಮೆಯ ತೀರ್ಪು ಬಂದಾಗ ಕೊನೆಯ ಪುಟ ಮಾತ್ರ ನೋಡಿದೆ. "ಆಮೆ ಸೋತಿತು, ವ್ಯಾಪಾರ ಗೆದ್ದಿತು" ಅಂತ ಒಂದು ಸಭೆಯಲ್ಲಿ ಮಾತಾಡಿದೆ. ಆಮೇಲೆ ಪೂರ್ತಿ ಓದಿದಾಗ ನಾನು ಹೇಳಿದ್ದು ತಪ್ಪು ಅಂತ ಗೊತ್ತಾಯಿತು. ಅವತ್ತು ಕೇಳಿಸಿಕೊಂಡವರು ಅದನ್ನೇ ನಂಬಿ ಮನೆಗೆ ಹೋಗಿದ್ದರು. ಅದು ಈಗಲೂ ನನ್ನನ್ನು ಕೊರೆಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಮೊದಲು ಬಲೆಯನ್ನು ನೋಡು. ನಿನ್ನ ಕರಡಿನಲ್ಲಿ ಕಾನೂನಿನ ವಿಧಿಗಳೆಲ್ಲ ಇವೆ, ಬಲೆಯೇ ಇಲ್ಲ. ಸಿಗಡಿ ಹಿಡಿಯುವ ಟ್ರಾಲ್ ಬಲೆ ದೊಡ್ಡ ಚೀಲದ ಹಾಗಿರುತ್ತದೆ. ಬೋಟು ಅದನ್ನು ಕಡಲ ತಳದಲ್ಲಿ ಗಂಟೆಗಟ್ಟಲೆ ಎಳೆದುಕೊಂಡು ಹೋಗುತ್ತದೆ. ಆಮೆಗೆ ಕಿವಿರಿಲ್ಲ. ಉಸಿರಾಡಬೇಕಾದರೆ ಅದು ಮೇಲೆ ಬರಲೇಬೇಕು. ಚೀಲದೊಳಗೆ ಸಿಕ್ಕಿಕೊಂಡರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ತುಂಬಾ ಸರಳ. ಬಲೆಯ ಕುತ್ತಿಗೆಯಲ್ಲಿ ಸರಳುಗಳ ಒಂದು ಚೌಕಟ್ಟನ್ನು ಓರೆಯಾಗಿ ಕಟ್ಟುತ್ತಾರೆ. ಸರಳುಗಳ ನಡುವೆ ಸುಮಾರು 10 ಸೆಂಟಿಮೀಟರ್ ಸಂದು. ಸಿಗಡಿ ಆ ಸಂದಿನಲ್ಲಿ ನುಸುಳಿ ಹಿಂದಿನ ಚೀಲಕ್ಕೆ ಬೀಳುತ್ತದೆ. ಆಮೆ ಸರಳಿಗೆ ತಾಗಿ, ಓರೆಯಲ್ಲೇ ಜಾರಿ, ಪಕ್ಕದ ಕಿಂಡಿಯಿಂದ ಹೊರಗೆ ಹೋಗುತ್ತದೆ. ಇದನ್ನು ಟಿಇಡಿ (ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್, ಅಂದರೆ ಆಮೆಯನ್ನು ಹೊರಬಿಡುವ ಸಾಧನ) ಅಂತ ಕರೆಯುತ್ತಾರೆ.

ಅಮೆರಿಕ 1989ರಲ್ಲಿ ಒಂದು ಕಾನೂನು ಮಾಡಿತು. ಆಮೆಗಳನ್ನು ಹೀಗೆ ಕಾಪಾಡದ ದೇಶಗಳ ಸಿಗಡಿ ನಮಗೆ ಬೇಡ ಅಂದಿತು. ಭಾರತ, ಪಾಕಿಸ್ತಾನ, ಮಲೇಷ್ಯಾ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಆ ದೂರಿನ ಒಂದು ವಾದ ಕೇಳು. ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಹಾಕಿದ 1947ರ ಗ್ಯಾಟ್ ಒಪ್ಪಂದದ 20ನೇ ವಿಧಿಯಲ್ಲಿ, "ಬರಿದಾಗುವ ನೈಸರ್ಗಿಕ ಸಂಪನ್ಮೂಲ"ವನ್ನು ಉಳಿಸುವ ಕ್ರಮಗಳಿಗೆ ಆ ನಿಯಮಗಳಿಂದ ವಿನಾಯಿತಿ ಇದೆ. ಹಾಗಂದರೆ ಗಣಿಯ ಅದಿರು ಅಷ್ಟೇ, ಸಂತಾನ ಬೆಳೆಸುವ ಜೀವಿ ಬರಿದಾಗುವುದು ಹೇಗೆ ಅಂತ ಕೇಳಿದರು. ಸಂಸ್ಥೆಯ ಮೇಲ್ಮನವಿ ಮಂಡಳಿ ಇದನ್ನು ಒಪ್ಪಲಿಲ್ಲ. ಜೀವಿಗಳೂ ಬರಿದಾಗುತ್ತವೆ, ಕಡಲಾಮೆ ಆ ಮಾತಿನೊಳಗೇ ಬರುತ್ತದೆ ಅಂದಿತು. ಇದು ಸಣ್ಣ ಗೆಲುವಲ್ಲ, ಪುಟ್ಟಿ. ಕಡಲಿನ ಪರವಾಗಿ ಮಾತಾಡುವ ವಕೀಲರೆಲ್ಲ ಇವತ್ತಿಗೂ ಈ ಸಾಲನ್ನು ಹಿಡಿದೇ ನಿಲ್ಲುತ್ತಾರೆ.

ಹಾಗಾದರೆ ಅಮೆರಿಕ ಸೋತದ್ದು ಯಾಕೆ? ಕೆರಿಬಿಯನ್ ಕಡೆಯ ದೇಶಗಳಿಗೆ ಬಲೆ ಬದಲಾಯಿಸಿಕೊಳ್ಳೋಕೆ 3 ವರ್ಷ ಕೊಟ್ಟಿತ್ತು. ಏಷ್ಯಾದವರಿಗೆ ಕೊಟ್ಟದ್ದು ಬರೀ 4 ತಿಂಗಳು. ಅವರ ಜೊತೆ ಕೂತು ಮಾತಾಡಿ ಒಪ್ಪಂದ ಮಾಡಿಕೊಂಡಿತ್ತು, ಇವರ ಜೊತೆ ಹಾಗೆ ಮಾತೇ ಆಡಲಿಲ್ಲ. ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಇನ್ನೊಂದಿದೆ. ಟಿಇಡಿ ಕಟ್ಟಿಯೇ ಹಿಡಿದ ಸಿಗಡಿಯಾದರೂ, ಆ ದೇಶಕ್ಕೆ ಅಮೆರಿಕದ ಪ್ರಮಾಣಪತ್ರ ಸಿಕ್ಕಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಳಗೆ ಬಿಡುತ್ತಿರಲಿಲ್ಲ. ಆ ಬಲೆಯಲ್ಲಿ ಆಮೆಗೆ ದಾರಿ ಬಿಟ್ಟಿದ್ದಾರೆ, ಆದರೂ ಸಿಗಡಿ ವಾಪಸ್! ಮಂಡಳಿ ತಪ್ಪು ಹಿಡಿದದ್ದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚಿದ್ದಕ್ಕೆ. ಆಮೆಯನ್ನು ಕಾಪಾಡಿದ್ದಕ್ಕಲ್ಲ. ಅಳಿವಿನಂಚಿನ ಜೀವಿಗಳನ್ನು ದೇಶಗಳು ಕಾಪಾಡಬಹುದು, ಕಾಪಾಡಲೇಬೇಕು ಅಂತ ಅದೇ ತೀರ್ಪಿನ 185ನೇ ಪ್ಯಾರಾದಲ್ಲಿ ಬರೆದಿದ್ದಾರೆ. ಅಮೆರಿಕ ಆಮೇಲೆ ನಿಯಮ ಸಡಿಲಿಸಿತು, ಏಷ್ಯಾದವರ ಜೊತೆ ಮಾತುಕತೆಗೂ ಕೂತಿತು. ಮಲೇಷ್ಯಾ ಮತ್ತೆ ಪ್ರಶ್ನೆ ಮಾಡಿದಾಗ, 2001ರಲ್ಲಿ ಅದೇ ಮಂಡಳಿ ಅಮೆರಿಕದ ಪರ ನಿಂತಿತು. ನಿಷೇಧ ಉಳಿಯಿತು.

ನಿನ್ನ ಟ್ಯೂನಾ ಭಾಗ ಇದಕ್ಕಿಂತ ಚೆನ್ನಾಗಿದೆ. ಟ್ಯೂನಾ ಬಲೆಯಲ್ಲಿ ಡಾಲ್ಫಿನ್ ಸಾಯುತ್ತವೆ ಅಂತ ಅಮೆರಿಕ ಮೆಕ್ಸಿಕೋದ ಟ್ಯೂನಾ ಮೀನನ್ನು ತಡೆದಾಗ, ಗ್ಯಾಟ್ ಸಮಿತಿ ಕೊಟ್ಟ 1991ರ ತೀರ್ಪು ನಿಜವಾಗಿಯೂ ಕಟುವಾಗಿತ್ತು. ಮೀನು ಹಿಡಿದ ರೀತಿ ನೋಡಿ ಮೀನನ್ನೇ ತಡೆಯುವ ಹಾಗಿಲ್ಲ ಅಂದಿತ್ತು. ನಿನಗೆ ಅದರ ಮೇಲೆ ಸಿಟ್ಟು ಬಂದದ್ದು ಸರಿಯೇ. ಆದರೆ ಆ ತೀರ್ಪನ್ನು ಅಂಗೀಕರಿಸಲೇ ಇಲ್ಲ ಅನ್ನುವುದನ್ನು ಬಿಟ್ಟಿದ್ದೀಯ, ಸೇರಿಸು. ಟ್ಯೂನಾ ಡಬ್ಬಿಗಳಿಗೆ ಅಮೆರಿಕ ಇಟ್ಟ "ಡಾಲ್ಫಿನ್ ಸುರಕ್ಷಿತ" ಲೇಬಲ್ ಮೇಲಿನ ಜಗಳವನ್ನೂ ಸೇರಿಸು. ಮೆಕ್ಸಿಕೋ ದೂರು ಕೊಟ್ಟದ್ದು 2008ರಲ್ಲಿ. ಪೂರ್ವ ಪೆಸಿಫಿಕ್‌ನಲ್ಲಿ ಹಿಡಿದ ಟ್ಯೂನಾಗೆ ಬಿಗಿ ತಪಾಸಣೆ, ಬೇರೆ ಸಮುದ್ರಗಳಲ್ಲಿ ಹಿಡಿದದ್ದಕ್ಕೆ ಸಡಿಲ ಅನ್ನುವುದೇ ಅಮೆರಿಕಕ್ಕೆ ಮುಳುವಾಯಿತು. ಅಲ್ಲಿ ಸಾಯುವ ಡಾಲ್ಫಿನ್‌ಗೂ ಇಲ್ಲಿ ಸಾಯುವ ಡಾಲ್ಫಿನ್‌ಗೂ ಏನು ವ್ಯತ್ಯಾಸ, ಅಲ್ವಾ? ಎಲ್ಲ ಸಮುದ್ರಕ್ಕೂ ಅಪಾಯಕ್ಕೆ ತಕ್ಕ ಅಳತೆ ಇಟ್ಟ ಮೇಲೆ, 2018ರಲ್ಲಿ ಆ ಲೇಬಲ್ ಗೆದ್ದಿತು. ಹತ್ತು ವರ್ಷ ಹಿಡಿಯಿತು. ಆದರೆ ಹೊರಬಂದ ನಿಯಮ ಮೊದಲಿಗಿಂತ ಗಟ್ಟಿ, ಅದರಿಂದ ಜಾಸ್ತಿ ಡಾಲ್ಫಿನ್‌ಗಳಿಗೆ ರಕ್ಷಣೆ.

ವ್ಯಾಪಾರದ ಕಾನೂನು ಎಲ್ಲ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಬೋಟಿನ ಡೀಸೆಲ್‌ಗೆ, ದೊಡ್ಡ ಬೋಟು ಕಟ್ಟೋಕೆ ಸರ್ಕಾರಗಳು ದುಡ್ಡು ಸುರಿಯುತ್ತವೆ. ಆ ದುಡ್ಡಿಲ್ಲದಿದ್ದರೆ ಎಷ್ಟೋ ಹಡಗುಗಳಿಗೆ ಅಷ್ಟು ದೂರ ಹೋಗಿ ಮೀನು ಹಿಡಿಯುವುದು ಗಿಟ್ಟುವುದಿಲ್ಲ. ಇಂಥ ಸಬ್ಸಿಡಿಗಳನ್ನು ತಡೆಯೋಕೆ ವಿಶ್ವ ವ್ಯಾಪಾರ ಸಂಸ್ಥೆಯ ಮಾತುಕತೆ ಶುರುವಾದದ್ದು 2001ರಲ್ಲಿ ದೋಹಾದಲ್ಲಿ. ಒಪ್ಪಂದ ಆದದ್ದು 2022ರ ಜೂನ್‌ನಲ್ಲಿ, ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್ 15ಕ್ಕೆ. ಮೀನು ಅಷ್ಟು ವರ್ಷ ಕಾಯುತ್ತಾ ಕೂರುವುದಿಲ್ಲ. ಕದ್ದು ಹಿಡಿಯುವವರಿಗೆ, ಆಗಲೇ ಬರಿದಾಗುತ್ತಿರುವ ಮೀನುಗಳ ಬೇಟೆಗೆ, ಯಾರ ಹಿಡಿತವೂ ಇಲ್ಲದ ನಡುಗಡಲಿನ ಮೀನುಗಾರಿಕೆಗೆ ಸಬ್ಸಿಡಿ ಕೊಡಬಾರದು ಅನ್ನುವಷ್ಟು ಮಾತ್ರ ಒಪ್ಪಿಗೆಯಾಗಿದೆ. ಅತಿಯಾಗಿ ಮೀನು ಹಿಡಿಯೋಕೆ ದಾರಿ ಮಾಡುವ ದೊಡ್ಡ ಸಬ್ಸಿಡಿಗಳ ವಿಷಯ ಹಾಗೇ ಉಳಿದಿದೆ. ಜಾರಿಯಾದ 4 ವರ್ಷದೊಳಗೆ ಅದನ್ನೂ ಬಗೆಹರಿಸದಿದ್ದರೆ, ಸದಸ್ಯರು ಬೇರೆ ತೀರ್ಮಾನ ಮಾಡದ ಹೊರತು ಇಡೀ ಒಪ್ಪಂದವೇ ಬಿದ್ದುಹೋಗುತ್ತದೆ.

ಆ ಸಬ್ಸಿಡಿಗಳ ನಿಯಮಕ್ಕೆ ಹೊಂದಿಕೊಳ್ಳೋಕೆ ಭಾರತ 25 ವರ್ಷದ ಅವಧಿ ಕೇಳಿದೆ. ಇದನ್ನು ನೀನು ಒಂದೇ ಸಾಲಿನಲ್ಲಿ "ನಾಚಿಕೆಗೇಡು" ಅಂದಿದ್ದೀಯ. ಸ್ವಲ್ಪ ತಡಿ. ದೋಣಿಯಲ್ಲಿ ಹೋಗಿ ಸಂಜೆ ಮನೆಗೆ ಬರುವವರ ಹೊಟ್ಟೆಪಾಡೂ, ಬೇರೆ ಖಂಡದ ಕಡಲಿಗೆ ಹೋಗಿ ತಿಂಗಳುಗಟ್ಟಲೆ ಬಲೆ ಎಳೆಯುವ ಹಡಗಿನ ಲಾಭವೂ ಒಂದೇ ಅಲ್ಲ. 25 ವರ್ಷ ಜಾಸ್ತಿಯಾಯಿತು ಅಂತಲೇ ನನಗೂ ಅನಿಸುತ್ತದೆ. ಆದರೆ ಕಡಲನ್ನು ಬರಿದು ಮಾಡಿದವರು ಮೊದಲು ಕೈ ಕಟ್ಟಿಕೊಳ್ಳಲಿ ಅನ್ನೋ ಮಾತಿನಲ್ಲಿ ನ್ಯಾಯವಿದೆ. ಎರಡನ್ನೂ ಬರೆ. ಆ ದೋಣಿಯವರಿಗೆ ಎಷ್ಟು ಸಮಯ, ಯಾವ ನೆರವು ಬೇಕು ಅಂತ ಲೆಕ್ಕ ಹಾಕಿ ಬರೆ. 1998ರ ತೀರ್ಪಿಗೆ ಮೊದಲು ಅಮೆರಿಕ ಮಾಡದೇ ಬಿಟ್ಟ ಕೆಲಸವೇ ಅದು.

ಇನ್ನೊಂದು ಮಾತು. ಇಂಥ ತೀರ್ಪು ಕೊಡುತ್ತಿದ್ದ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಸಾಕಷ್ಟು ಸದಸ್ಯರಿಲ್ಲದೆ ನಿಂತುಹೋಗಿದೆ. ಸೋತವರು ಮೇಲ್ಮನವಿ ಹಾಕಿದರೆ ದೂರು ಅಲ್ಲೇ ಕೂರುತ್ತದೆ. ನಿನ್ನ ಕರಡಿನಲ್ಲಿ ಅದು ಇನ್ನೂ ಕೆಲಸ ಮಾಡುತ್ತಿರುವ ಹಾಗೆ ಬರೆದಿದ್ದೀಯ, ತಿದ್ದು.

1998ರ ತೀರ್ಪಿನ ನನ್ನ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅಂಚಿನಲ್ಲಿ ಪೆನ್ಸಿಲ್ ಗೀಟುಗಳಿವೆ, ಅವನ್ನು ನೋಡೋಕೆ ಹೋಗಬೇಡ, ನೀನೇ ಮೊದಲಿಂದ ಓದು. ಆಮೇಲೆ ಆ ಮೊದಲ ಸಾಲು ಇರಬೇಕೋ ಬೇಡವೋ ನೀನೇ ತೀರ್ಮಾನ ಮಾಡು. ಎರಡನೇ ಕರಡು ಆದಾಗ ಕಳಿಸು.

ನಿನ್ನ ಪ್ರೀತಿಯ
ಚಿಕ್ಕಮ್ಮ