ಮಳೆ ಬಂತೆಂದು ಆರ್ಕಿಡ್ ಚಟ್ಟಿ ಬದಲಿಸಬೇಡಿ

ಮಾನ್ಯ ಸಂಪಾದಕರೇ,

ಮೇ ಕೊನೆಯ ಪತ್ತನಾಜೆ ಕಳೆದು ಒಂದೆರಡು ಮಳೆ ಬಿದ್ದರೆ ಸಾಕು, ಏನಾದರೂ ನೆಡೋಣ ಎಂದು ಕರಾವಳಿಯವರ ಕೈ ತುರಿಸುತ್ತದೆ. ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ, ಮಲ್ಲಿಗೆ ಗೆಲ್ಲು ಎಲ್ಲಕ್ಕೂ ಆ ಹೊತ್ತು ಸರಿ. ನಿಮ್ಮ ಪುರವಣಿಯ ಕೈತೋಟದ ಬರಹ ಅದೇ ಸಲಹೆಯನ್ನು ಆರ್ಕಿಡ್‌ಗಳಿಗೂ ಕೊಟ್ಟಿದೆ: ಜೂನ್‌ನಲ್ಲಿ ಚಟ್ಟಿ ಬದಲಿಸಿ, ಮಣ್ಣಿಗೆ ಸೆಗಣಿ ಗೊಬ್ಬರ ಬೆರೆಸಿ, ಮಳೆಗೆ ಇಡಿ ಎಂದು. ಡೆಂಡ್ರೋಬಿಯಂ ಎಂಬ ಸಾಮಾನ್ಯ ಆರ್ಕಿಡ್ ಆದರೆ ಹೇಗೋ ತಾಳಿಕೊಂಡೀತೇನೋ. ಈಗ ಆನ್‌ಲೈನ್‌ನಲ್ಲೂ ನರ್ಸರಿಗಳಲ್ಲೂ ಸಿಗುತ್ತಿರುವ ಝೈಗೋಪೆಟಲಮ್ ಎಂಬ ಆರ್ಕಿಡ್ ಮಾತ್ರ ಹೀಗೆ ಮಾಡಿದರೆ ಆಟಿ (ಜುಲೈ–ಆಗಸ್ಟ್) ಮುಗಿಯುವುದರೊಳಗೆ ಬುಡ ಕೊಳೆತು ಹೋಗುತ್ತದೆ. ಮಂಗಳೂರು, ಉಡುಪಿಯ ಮನೆಗಳಲ್ಲಿ ಇದನ್ನು ಸಾಕುವವರಿಗೆ ಉಪಯೋಗವಾಗಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಗಿಡ ದಕ್ಷಿಣ ಅಮೆರಿಕದ್ದು, ಹೆಚ್ಚಾಗಿ ಬ್ರೆಜಿಲ್‌ನ ತಂಪು ಗುಡ್ಡಗಳದ್ದು. 1827ರಲ್ಲಿ ಹೂಕರ್ ಎಂಬ ಸಸ್ಯವಿಜ್ಞಾನಿ ಇಟ್ಟ ಹೆಸರಿನಲ್ಲಿ 'ಝೈಗಾನ್' ಅಂದರೆ ಗ್ರೀಕ್ ಭಾಷೆಯಲ್ಲಿ ನೊಗ. ಹೂವಿನ ತುಟಿಯ ಬುಡದಲ್ಲಿ ಉಬ್ಬಿದ ಏಣು ದಳಗಳನ್ನು ನೊಗಕ್ಕೆ ಕಟ್ಟಿದಂತೆ ಕಾಣುವುದರಿಂದ ಆ ಹೆಸರು. ಕಂಬಳದ ಊರಿನವರಿಗೆ ನೆನಪಿಡಲು ಸುಲಭ. ಹಸಿರು ದಳದ ಮೇಲೆ ಕಂದುಗೆಂಪು ಮಚ್ಚೆ, ಬಿಳಿ ತುಟಿಯ ಮೇಲೆ ನೇರಳೆ ಗೆರೆ, ಬೆಳಿಗ್ಗೆ ಹೊತ್ತು ಜಗಲಿ ತುಂಬುವ ಪರಿಮಳ. ಬುಡದಲ್ಲಿ ಸಾಲಾಗಿ ಹಸಿರು ಗಡ್ಡೆಗಳಿರುತ್ತವೆ. ಬಾಳೆಯ ಬುಡದಲ್ಲಿ ಕಂದು ಏಳುವ ಹಾಗೆ ಮುಂದಿನ ಗಡ್ಡೆಯ ಪಕ್ಕದಿಂದ ಪ್ರತಿ ವರ್ಷ ಹೊಸ ಕಂದು ಬರುತ್ತದೆ, ಹೂವಿನ ದಂಟು ಬರುವುದೂ ಆ ಹೊಸ ಕಂದಿನಿಂದಲೇ. ಅದು ಕೊಳೆಯಿತೆಂದರೆ ಆ ವರ್ಷದ ಹೂವಿಗೆ ಎಳ್ಳುನೀರು.

ಈಗ ಜೂನ್ ಏಕೆ ಬೇಡ ಎಂಬ ವಿಚಾರ. ಚಟ್ಟಿ ಬದಲಿಸುವಾಗ ಎಷ್ಟೇ ಜಾಗ್ರತೆ ಮಾಡಿದರೂ ಬೇರಿಗೆ ಗಾಯವಾಗುತ್ತದೆ. ಗಾಯ ಒಣಗಬೇಕು. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರಿನಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಬೇರಿನ ಗಾಯ ಒಣಗೀತೇ? ಅಡಿಕೆಗೆ ಕೊಳೆರೋಗ ತರುವ ಫೈಟೋಫ್ತೋರಾ ಎಂಬ ಶಿಲೀಂಧ್ರದಂಥ ರೋಗಾಣುವಿನ ಕುಲದ್ದೇ ಬೇರೆ ಜಾತಿಗಳು ಆರ್ಕಿಡ್‌ನ ಬುಡವನ್ನೂ ಕಪ್ಪಾಗಿಸುತ್ತವೆ. ಅವಕ್ಕೆ ಬೇಕಾದದ್ದು ಇದೇ ಬೆಚ್ಚನೆಯ ಒದ್ದೆ. ಇನ್ನೊಂದು ಕಾರಣವಿದೆ. ಜೂನ್ ಹೊತ್ತಿಗೆ ಹೊಸ ಕಂದು ಅರ್ಧ ಬೆಳೆದು ಅದರ ಬೇರುಗಳು ಗೇಣುದ್ದ ಆಗಿರುತ್ತವೆ. ಈ ಬೇರುಗಳು ಪೆನ್ಸಿಲ್‌ಗಿಂತ ತುಸು ತೆಳು, ಬಗ್ಗಿಸಿದರೆ ಫಟ್ಟನೆ ಮುರಿಯುತ್ತವೆ. ಗಡ್ಡೆ ತುಂಬಿಕೊಳ್ಳಬೇಕಾದ ಸಮಯಕ್ಕೇ ಗಿಡಕ್ಕೆ ಬೇರಿಲ್ಲದಂತಾಗುತ್ತದೆ.

ಸರಿಯಾದ ಹೊತ್ತು ಮಕರ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ. ಆಗ ನಮ್ಮಲ್ಲಿ ಗಾಳಿ ಒಣ, ರಾತ್ರಿ ಇಡೀ ವರ್ಷದಲ್ಲೇ ತಂಪು, ಹೂವೂ ಮುಗಿದಿರುತ್ತದೆ. ಆದರೆ ಕ್ಯಾಲೆಂಡರ್‌ಗಿಂತ ಗಿಡವನ್ನು ನೋಡುವುದು ಮೇಲು. ಹೊಸ ಕಂದು ಎರಡು ಮೂರು ಇಂಚು ಎದ್ದು, ಅದರ ಬುಡದಲ್ಲಿ ಮೊಳೆಯಂತೆ ಬಿಳಿ ಬೇರಿನ ತುದಿ ಇಣುಕಬೇಕು. ಅರ್ಧ ಇಂಚು ದಾಟುವ ಮೊದಲೇ ಕೆಲಸ ಮುಗಿಸಬೇಕು. ಹೀಗೆ ಮಾಡಿದರೆ ಆ ಬೇರು ನೇರವಾಗಿ ಹೊಸ ಮಿಶ್ರಣಕ್ಕೇ ಇಳಿಯುತ್ತದೆ, ಮಳೆ ಶುರುವಾಗುವಾಗ ಗಿಡ ಗಟ್ಟಿ ಕೂತಿರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ನಮ್ಮ ಸೆಕೆಗೆ ಚಟ್ಟಿಗೆ ತುಂಬಿದ ಪೈನ್ ತೊಗಟೆ ಬೇಗ ಪುಡಿಯಾಗುವುದರಿಂದ ಮೂರನೇ ಮಳೆಗಾಲಕ್ಕೆ ಬಿಡಬಾರದು.

ಮಿಶ್ರಣಕ್ಕೆ ಮಣ್ಣು ಬೇಡವೇ ಬೇಡ. ಕೋಕೋಪೀಟ್ ಎಂಬ ತೆಂಗಿನ ನಾರಿನ ಪುಡಿಯೂ ಬೇಡ. ಆರಿಂಚಿನ ಚಟ್ಟಿಗೆ ಸುಮಾರು ಒಂದೂವರೆ ಲೀಟರ್ ಮಿಶ್ರಣ ಹಿಡಿಯುತ್ತದೆ: 8ರಿಂದ 12 ಮಿ.ಮೀ. ಗಾತ್ರದ ಪೈನ್ ತೊಗಟೆ ಮೂರು ಪಾಲು, ಇದ್ದಿಲು ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು, ತೆಂಗಿನ ಸಿಪ್ಪೆಯ ತುಂಡು ಅರ್ಧ ಪಾಲು. ಸಿಪ್ಪೆ ನಮ್ಮಲ್ಲಿ ಪುಕ್ಕಟೆ ಸಿಗುತ್ತದೆಂದು ಅದನ್ನೇ ತುಂಬುವವರಿದ್ದಾರೆ, ತಪ್ಪಾಗುವುದು ಅಲ್ಲೇ. ಸಿಪ್ಪೆಯಲ್ಲಿ ಉಪ್ಪಿನಂಶವಿದೆ, ಜೊತೆಗೆ ಮಳೆಗಾಲದಲ್ಲಿ ಅದು ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಅರ್ಧ ಇಂಚಿನ ತುಂಡು ಮಾಡಿ, 24 ಗಂಟೆಗೊಮ್ಮೆ ನೀರು ಚೆಲ್ಲಿ ಮೂರು ಸಲ ನೆನೆಸಿ, ಚಹಾದ ಬಣ್ಣ ಬಿಡುವುದು ಕಮ್ಮಿಯಾದ ಮೇಲೆ ಬಳಸಿ. ಇದ್ದಿಲಿಗೆ ಗೆರಟೆಯದ್ದಾದರೂ ಸರಿ, ಕಪ್ಪು ನೀರು ಹೋಗುವಷ್ಟು ತೊಳೆಯಿರಿ. ತೊಗಟೆಯನ್ನು ಒಂದು ರಾತ್ರಿ ನೆನೆಹಾಕಿ. ಒಣ ತೊಗಟೆ ತುಂಬಿದರೆ ಮೊದಲ ತಿಂಗಳಿಡೀ ನೀರು ಪಕ್ಕದಿಂದ ಹರಿದು ಹೋಗುತ್ತದೆಯೇ ಹೊರತು ಒಳಗೆ ನಿಲ್ಲುವುದಿಲ್ಲ.

ಚಟ್ಟಿಯ ಅಡಿಗೆ ಥರ್ಮೋಕೋಲ್ ಹಾಕಿ ಎನ್ನುವುದುಂಟು. ಹಂಚಿನ ಊರಿನಲ್ಲಿ ಕೂತು ಥರ್ಮೋಕೋಲ್ ಹುಡುಕುವುದು ಯಾಕೆ ಎಂದು ಗೊತ್ತಾಗುವುದಿಲ್ಲ. ಒಡೆದ ಹಂಚಿನ ಒಂದಿಂಚಿನ ಚೂರುಗಳನ್ನು ಪಾಚಿ ತಿಕ್ಕಿ, ಹತ್ತು ನಿಮಿಷ ಕುದಿಸಿ, ಅಡಿಯಲ್ಲಿ ಒಂದೂವರೆ ಇಂಚು ಹರಡಿದರೆ ನೀರು ಬಸಿಯುತ್ತದೆ, ಬುಡ ತಂಪಾಗಿರುತ್ತದೆ, ಗಾಳಿಗೆ ಚಟ್ಟಿ ಮಗುಚುವುದೂ ಇಲ್ಲ. ಚಟ್ಟಿ ಮಣ್ಣಿನದ್ದಾದರೆ ಒಳ್ಳೆಯದು, ಅದರ ಮೈಯಿಂದ ನೀರು ಆರುವಾಗ ಬೇರಿಗೆ ತಂಪು ಸಿಗುತ್ತದೆ. ಪಕ್ಕದಲ್ಲೂ ತೂತಿರಲಿ.

ಗಿಡ ತೆಗೆಯುವ ಅರ್ಧ ಗಂಟೆ ಮೊದಲು ಚಟ್ಟಿಯನ್ನು ನೀರಿನ ಬಕೆಟ್ಟಿನಲ್ಲಿ ಇಡಿ. ನೆನೆದ ಬೇರು ಬಗ್ಗುತ್ತದೆ, ಒಣ ಬೇರು ಮುರಿಯುತ್ತದೆ. ಪ್ಲಾಸ್ಟಿಕ್ ಚಟ್ಟಿಯಾದರೆ ಸುತ್ತ ಹಿಚುಕಿ, ಬೇಕಾದರೆ ಕತ್ತರಿಸಿ. ಎಲೆ ಹಿಡಿದು ಎಳೆಯುವುದು ಬೇಡ. ಹಳೆ ತೊಗಟೆಯನ್ನು ಬೆರಳಲ್ಲಿ ಬಿಡಿಸುತ್ತ ಒಂದೊಂದು ಬೇರನ್ನೂ ಮುಟ್ಟಿ ನೋಡಿ. ಗಟ್ಟಿಯಿದ್ದರೆ, ಬಣ್ಣ ಮಾಸಿದ್ದರೂ ಬಿಡಿ. ಮೆತ್ತಗಾಗಿ, ಎಳೆದರೆ ಹೊರಗಿನ ಸಿಪ್ಪೆ ಕೈಗೆ ಬಂದು ಒಳಗೆ ಬರೀ ನೂಲು ಉಳಿದರೆ ಅದು ಸತ್ತ ಬೇರು, ಕತ್ತರಿಸಿ. ಕತ್ತರಿಯನ್ನು ಪ್ರತಿ ಗಿಡಕ್ಕೆ ಮೊದಲು ಬೆಂಕಿಯಲ್ಲಿ ಹಿಡಿಯಿರಿ. ವೈರಸ್ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವುದು ಕತ್ತರಿಯ ಮೂಲಕವೇ ಹೆಚ್ಚು. ಎಲೆಯಿಲ್ಲದ ಹಳೆ ಗಡ್ಡೆ ಹಸಿರಾಗಿದ್ದರೆ ಕೀಳಬೇಡಿ, ಗಿಡದ ಉಗ್ರಾಣ ಅದು. ಪಾಲು ಮಾಡುವುದಿದ್ದರೆ ಒಂದೊಂದರಲ್ಲಿ ಕನಿಷ್ಠ ಮೂರು ನಾಲ್ಕು ಗಡ್ಡೆ ಇರಬೇಕು. ಒಂದೆರಡು ಗಡ್ಡೆಯ ತುಂಡು ನೆರೆಮನೆಗೆ ಕೊಡುವ ಔದಾರ್ಯ ಬೇಡ, ಅದು ಹೂ ಬಿಡಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಗಡ್ಡೆ ಕತ್ತರಿಸಿದ ಜಾಗಕ್ಕೆ ದಾಲ್ಚಿನ್ನಿ ಪುಡಿ ಮೆತ್ತಬಹುದು. ಬೇರಿಗೆ ಮಾತ್ರ ತಾಗಿಸಬೇಡಿ, ಒಳ್ಳೆ ಬೇರನ್ನೂ ಒಣಗಿಸಿಬಿಡುತ್ತದೆ.

ಕೂರಿಸುವಾಗ ಹಳೆ ಗಡ್ಡೆಯ ಬದಿ ಚಟ್ಟಿಯ ಗೋಡೆಗೆ ತಾಗಲಿ, ಹೊಸ ಕಂದಿನ ಮುಂದೆ ಇನ್ನೆರಡು ಗಡ್ಡೆಗೆ ಜಾಗವಿರಲಿ. ಅದಕ್ಕಿಂತ ದೊಡ್ಡ ಚಟ್ಟಿ ಬೇಡ. ಬೇರು ಮುಟ್ಟದ ಮಿಶ್ರಣ ಒಣಗದೆ ಹುಳಿಯುತ್ತದೆ. ಕಂದಿನ ಬುಡ ಮಿಶ್ರಣದ ಮಟ್ಟಕ್ಕೇ ಬರಬೇಕು, ಹೂತುಹೋಗಬಾರದು. ಚಟ್ಟಿಯನ್ನು ನೆಲಕ್ಕೆ ಮೆಲ್ಲನೆ ಕುಟ್ಟುತ್ತ ತುಂಬಿ, ಕೊನೆಗೆ ಕೋಲು ಕೊಟ್ಟು ಕಟ್ಟಿ. ಗಡ್ಡೆ ಹಿಡಿದು ಎತ್ತಿದರೆ ಚಟ್ಟಿಯೂ ಜೊತೆಗೆ ಏಳಬೇಕು. ಅಲುಗಾಡುವ ಗಿಡದಲ್ಲಿ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಸಾಯುತ್ತದೆ. ಆಮೇಲೆ ಮೂರು ದಿನ ಎಲೆಗೆ ಬೆಳಿಗ್ಗೆ ತುಂತುರು ಸಾಕು, ನಾಲ್ಕನೇ ದಿನ ಪೂರ್ತಿ ನೀರು. ಒಂದು ತಿಂಗಳು ಗೊಬ್ಬರ ಇಲ್ಲ.

ನೀರಿನ ವಿಷಯಕ್ಕೆ ವಾರಕ್ಕಿಷ್ಟು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ ಬೇಕಾಗುತ್ತದೆ, ಜುಲೈಯಲ್ಲಿ ವಾರವಾದರೂ ಬೇಡ. ಹಿಡಿಸೂಡಿಯ (ಪೊರಕೆಯ) ಒಂದು ಕಡ್ಡಿಯನ್ನು ತೊಳೆದು ಒಣಗಿಸಿ ಚಟ್ಟಿಯ ಅಂಚಿನಲ್ಲಿ ಮೂರು ಇಂಚು ಇಳಿಸಿ, ಐದು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ನೀರು ಬೇಡ, ಬರೀ ಕಡ್ಡಿಯಂತಿದ್ದರೆ ಅಂದೇ ಕೊಡಿ. ಝೈಗೋಪೆಟಲಮ್ ಪೂರ್ತಿ ಒಣಗುವುದನ್ನೂ ಸಹಿಸುವುದಿಲ್ಲ. ಹೊಸ ಎಲೆ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಬಂದರೆ ಎಲೆ ಬೆಳೆಯುವಾಗ ಅದಕ್ಕೆ ನೀರು ಸಿಗಲಿಲ್ಲ ಎಂದರ್ಥ. ಹೆಚ್ಚಿನವರು ಇದನ್ನು ಕಂಡು ಇನ್ನಷ್ಟು ನೀರು ಸುರಿಯುತ್ತಾರೆ. ನಮ್ಮ ಮಳೆಗಾಲದಲ್ಲಿ ಕಾರಣ ಬಹುತೇಕ ತಿರುಗಾಮುರುಗ: ನೀರು ಹೆಚ್ಚಾಗಿ ಬೇರು ಕೊಳೆತಿದೆ, ಹಾಗಾಗಿ ನೀರಲ್ಲೇ ನಿಂತ ಗಿಡಕ್ಕೆ ಬಾಯಾರಿಕೆ. ಆಗ ಆಟಿಯೋ ಅದರ ಮುಂದಿನ ಸೋಣ ತಿಂಗಳೋ ಎಂದು ನೋಡದೆ ಗಿಡ ಹೊರತೆಗೆದು ಬೇರು ಪರೀಕ್ಷಿಸಿ, ಮಾಡಿನಡಿ ಹೊಸ ಮಿಶ್ರಣಕ್ಕೆ ಹಾಕಬೇಕು. ಮೇಲೆ ಹೇಳಿದ ಕಾಲದ ನಿಯಮ ಆರೋಗ್ಯವಂತ ಗಿಡಕ್ಕೆ ಮಾತ್ರ.

ಎಲೆ ತುದಿ ಕಪ್ಪಾಗುವುದಕ್ಕೆ ಎರಡು ಬೇರೆ ಕಾರಣಗಳಿವೆ, ಗೊಂದಲ ಬೇಡ. ಹಳೆ ಎಲೆಯ ತುದಿ ಕಪ್ಪಾದರೆ ಉಪ್ಪು ಹೆಚ್ಚಾಗಿದೆ. ಕಡಲಬದಿಯ, ಹೊಳೆಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ಏರುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 200 ಪಿಪಿಎಂ ದಾಟಿದ ನೀರನ್ನು ಈ ಗಿಡಕ್ಕೆ ಹಾಕಬೇಡಿ. ಕಂದಿನ ಎಳೆ ಎಲೆಯ ತುದಿಯೇ ಕಪ್ಪಾಗುತ್ತ ಬಂದರೆ ಕ್ಯಾಲ್ಸಿಯಂ ಕೊರತೆ. ಮಳೆನೀರಿನಲ್ಲಿ ಕ್ಯಾಲ್ಸಿಯಂ ಇಲ್ಲ, ಕೆಂಪುಕಲ್ಲಿನ ನೆಲದ ಬಾವಿನೀರಿನಲ್ಲೂ ಸಾಮಾನ್ಯವಾಗಿ ಕಮ್ಮಿ, ಅಂಗಡಿಯ 19:19:19 ರಸಗೊಬ್ಬರದಲ್ಲಂತೂ ಇಲ್ಲವೇ ಇಲ್ಲ. ಆದ್ದರಿಂದ ಒಂದು ವಾರ ಲೀಟರಿಗೆ ಅರ್ಧ ಗ್ರಾಂ 19:19:19, ಮರುವಾರ ಲೀಟರಿಗೆ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ತಿಂಗಳಿಗೊಮ್ಮೆ ಬರೀ ನೀರಿನಲ್ಲಿ ತೊಳೆಯುವುದು. ಎರಡನ್ನೂ ದಪ್ಪಗೆ ಒಟ್ಟಿಗೆ ಕದಡಿದರೆ ಗಸಿ ಕಟ್ಟುತ್ತದೆ. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಬೇವಿನಸೊಪ್ಪಿನ (ಕರಿಬೇವಿನ) ಗಿಡಕ್ಕಿರಲಿ. ಇಲ್ಲಿ ಹಾಕಿದರೆ ತೊಗಟೆ ಹುಳಿಯುತ್ತದೆ, ಇರುವೆ ಬರುತ್ತದೆ.

ಮಳೆಗಾಲದಲ್ಲಿ ಗಿಡ ಮಾಡಿನ ಕೆಳಗೇ ಇರಬೇಕು. ಕಂದಿನ ಎಲೆಗಳ ನಡುವೆ ನೀರು ನಿಂತು ಒಂದು ರಾತ್ರಿ ಕಳೆದರೆ ಮರುದಿನ ಸುಳಿ ಎಳೆದಾಗ ಕೈಗೆ ಬರುತ್ತದೆ, ವಾಸನೆಯೂ ಇರುತ್ತದೆ. ನೀರು ಬೆಳಿಗ್ಗೆಯೇ ಕೊಡಿ, ಸುಳಿಯಲ್ಲಿ ನಿಂತದ್ದನ್ನು ಕಾಗದದ ಚೂರಿನಲ್ಲಿ ಹೀರಿಸಿ ತೆಗೆಯಿರಿ. ಗಾಳಿಯಾಡದ ಜಗಲಿಯಾದರೆ ಸಣ್ಣ ಫ್ಯಾನ್ ಇಟ್ಟರೆ ಎಲೆಯ ಚುಕ್ಕೆರೋಗ ಕಮ್ಮಿ. ಅಡಿಕೆಗೆ ಮಾಡಿ ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ಮದ್ದು) ಇದಕ್ಕೂ ಒಂದಿಷ್ಟು ಹೊಡೆಯುವ ಅಭ್ಯಾಸ ಬೇಡ, ತಾಮ್ರ ಎಳೆ ಬೇರು ಮತ್ತು ಮೊಗ್ಗನ್ನು ಸುಡಬಲ್ಲದು. ಬಸವನಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು. ಬೇಸಿಗೆಯಲ್ಲಿ ಶೇ 75ರ ನೆರಳುಬಲೆ, ಉಳಿದ ಕಾಲಕ್ಕೆ ಶೇ 50. ಎಲೆ ಕಡುಹಸಿರಾದರೆ ಬೆಳಕು ಸಾಲದು, ಹಳದಿಗೆ ತಿರುಗಿದರೆ ಹೆಚ್ಚಾಯಿತು.

ಇಷ್ಟು ಮಾಡಿದರೂ ಎಲ್ಲ ಝೈಗೋಪೆಟಲಮ್ ಇಲ್ಲಿ ಹೂ ಬಿಡುವುದಿಲ್ಲ, ಇದನ್ನು ಮಾರುವವರು ಹೇಳುವುದಿಲ್ಲ. ಮೂಲ ಜಾತಿಗಳಿಗೆ ರಾತ್ರಿ 10ರಿಂದ 15 ಡಿಗ್ರಿ ಬೇಕು. ನಮ್ಮಲ್ಲಿ ಚಳಿಗಾಲದಲ್ಲೂ 20ರ ಆಸುಪಾಸು. ಘಟ್ಟದ ಮೇಲೆ, ಮಡಿಕೇರಿ, ಚಿಕ್ಕಮಗಳೂರು ಕಡೆ ಅವು ಆರಾಮವಾಗಿ ಬೆಳೆಯುತ್ತವೆ. ಕೆಳಗಿನವರು ಸೆಕೆ ತಾಳುವ ಮಿಶ್ರತಳಿ ಕೇಳಿ ಕೊಳ್ಳಬೇಕು: ಅಗನಿಸಿಯಾ ಎಂಬ ಇನ್ನೊಂದು ಆರ್ಕಿಡ್ ಜೊತೆ ಬೆರಸಿದ ಝೈಗೊನಿಸಿಯಾ 'ಸೈನೋಸೂರ್ ಬ್ಲೂ ಬರ್ಡ್ಸ್' ಅಂಥದ್ದು, ಹೂ ಚಿಕ್ಕದಾದರೂ ಇಲ್ಲಿನ ರಾತ್ರಿಗೆ ಹೊಂದಿಕೊಳ್ಳುತ್ತದೆ. ಬಾವಿಕಟ್ಟೆಯ ಬದಿ, ಮನೆಯ ಪೂರ್ವದ ಜಗಲಿ, ಮರದ ನೆರಳಿನ ಅಂಗಳದ ಮೂಲೆ, ಎಲ್ಲಿ ಸಂಜೆ ಮೊದಲು ತಂಪಾಗುತ್ತದೋ ಅದೇ ಅದರ ಜಾಗ. ಕಾಂಕ್ರೀಟ್ ತಾರಸಿಯಲ್ಲಿ ಬೇಡ, ಅದು ಮಧ್ಯರಾತ್ರಿಯವರೆಗೆ ಬಿಸಿ ಉಗುಳುತ್ತದೆ.

ಕೈತೋಟದ ಬರಹಗಳಲ್ಲಿ ಸಲಹೆ ಯಾವ ಊರಿನ ಹವೆಗೆ ಎಂದು ಒಂದು ಸಾಲು ಸೇರಿಸಿದರೆ ಉಪಕಾರವಾಗುತ್ತದೆ. ಈಗಾಗಲೇ ಜೂನ್‌ನಲ್ಲಿ ಮಣ್ಣಿಗೆ ಹಾಕಿದವರು ಈ ವಾರವೇ ಗಿಡ ಎತ್ತಿ ಬೇರು ನೋಡಲಿ.

ಇಂತಿ,
ಕೆಲವು ಆರ್ಕಿಡ್ ಬೆಳೆಗಾರರು
ಮಂಗಳೂರು–ಉಡುಪಿ